ಸಮೀಕರಣಕ್ಕೆ ಮುಂಚೆ ಒಂದು ಸಾಲು

ಒಂದು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರ ಆರು ಪಟ್ಟು ವಿದ್ಯಾರ್ಥಿಗಳಿದ್ದಾರೆ; ಸಮೀಕರಣ ಬರೆಯಿರಿ ಎಂದರೆ 6ವಿ = ಪ್ರಾ ಎಂದು ಬರೆಯುವವರು ಬಹಳ. ಸರಿಯಾದದ್ದು ವಿ = 6ಪ್ರಾ. ಇದು ದಡ್ಡರ ತಪ್ಪೆಂದು ಮಕ್ಕಳನ್ನು ಗದರಬೇಡಿ. ಕ್ಲೆಮೆಂಟ್, ಲಾಕ್‌ಹೆಡ್, ಮಾಂಕ್ ಎಂಬ ಸಂಶೋಧಕರು 1981ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ ಮೊದಲ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲೇ ಶೇ 37ರಷ್ಟು ಮಂದಿ ಇಲ್ಲಿ ಎಡವಿದ್ದರು. ಎಡವಿದವರಲ್ಲಿ ಹೆಚ್ಚಿನವರು ಬರೆದದ್ದು ಇದೇ ತಿರುಗುಮುರುಗು ಸಮೀಕರಣ. ‘ವಿ’ ಅಂದರೆ ವಿದ್ಯಾರ್ಥಿ ಎಂದುಕೊಂಡರೆ, ಆರು ವಿದ್ಯಾರ್ಥಿಗಳಿಗೆ ಒಬ್ಬ ಪ್ರಾಧ್ಯಾಪಕ ಎಂಬುದಕ್ಕೆ 6ವಿ = ಪ್ರಾ ಸಹಜವಾಗಿಯೇ ಕಾಣುತ್ತದೆ. ಆದರೆ ಅಕ್ಷರ ಸೂಚಿಸುವುದು ವ್ಯಕ್ತಿಯನ್ನಲ್ಲ, ಎಣಿಕೆಯನ್ನು. ಅನುಮಾನ ಬಂದರೆ ಸಂಖ್ಯೆ ಇಟ್ಟು ನೋಡಿ: ಪ್ರಾಧ್ಯಾಪಕರು 10 ಆದರೆ ವಿದ್ಯಾರ್ಥಿಗಳು 60. ಆರು ಅರವತ್ತಲ ಹತ್ತಾಗುವುದಿಲ್ಲ.

ಆದ್ದರಿಂದ ಸಮೀಕರಣಕ್ಕೆ ಕೈಹಾಕುವ ಮುಂಚೆ ಅಕ್ಷರದ ಅರ್ಥವನ್ನು ಪೂರ್ತಿಯಾಗಿ ಬರೆಯಿರಿ. ‘ಮ = ಮಗ’ ಎಂದಲ್ಲ; ‘ಮ = ಮಗನ ಈಗಿನ ವಯಸ್ಸು, ವರ್ಷಗಳಲ್ಲಿ’. ತಂದೆಯ ವಯಸ್ಸು ಈಗ ಮಗನ ಮೂರು ಪಟ್ಟು, 12 ವರ್ಷಗಳ ನಂತರ ಎರಡು ಪಟ್ಟು ಎಂಬ ಲೆಕ್ಕದಲ್ಲಿ ‘ಈಗಿನ’ ಎಂಬ ಆ ಪದವೇ ಕಾಯುತ್ತದೆ. ಈಗ ತಂದೆಗೆ 3ಮ; ಮುಂದೆ ಇಬ್ಬರಿಗೂ 12 ಸೇರಬೇಕು: 3ಮ + 12 = 2(ಮ + 12). ಆವರಣ ಬಿಟ್ಟರೆ ಮಗನಿಗೆ ವಯಸ್ಸೇ ಆಗುವುದಿಲ್ಲ! ಪರೀಕ್ಷೆಯಲ್ಲಿ ಇಷ್ಟು ಬರೆಯಲು ಸಮಯವೆಲ್ಲಿ ಎಂದು ಕೇಳುವವರಿದ್ದಾರೆ. ಇದು ಒಂದೇ ಸಾಲು; ತಪ್ಪು ಸಮೀಕರಣವನ್ನು ಪುಟದುದ್ದಕ್ಕೂ ಬಿಡಿಸುವುದಕ್ಕೆ ಇದಕ್ಕಿಂತ ಹೆಚ್ಚು ಸಮಯ ಬೇಕು. ‘ಹೆಚ್ಚು ಎಂದರೆ ಕೂಡು, ಕಡಿಮೆ ಎಂದರೆ ಕಳೆ’ ಎಂಬ ಪಟ್ಟಿ ಸಾಕಲ್ಲವೇ ಎಂಬುದು ಇನ್ನೊಂದು ವಾದ. ಆ ಪಟ್ಟಿಯನ್ನು ಕಲಿಸಲೇಬಾರದು ಎನ್ನುವುದು ನನ್ನ ನಿಲುವು. ರವಿಯ ಬಳಿ 12 ಮಾವಿವೆ, ಅದು ಗೀತಾಳ ಬಳಿ ಇರುವುದಕ್ಕಿಂತ 4 ಹೆಚ್ಚು ಎಂದರೆ ಗೀತಾಳದ್ದು ತಿಳಿಯಲು ಕಳೆಯಬೇಕು. ಗ = ಗೀತಾಳ ಮಾವಿನ ಸಂಖ್ಯೆ ಎಂದು ಬರೆದವರಿಗೆ ಗ + 4 = 12 ತಾನಾಗಿ ಸಿಗುತ್ತದೆ; ಪದ ನೋಡಿ ಹೊರಟವರಿಗೆ 16 ಬರುತ್ತದೆ.

ತಂದೆ-ಮಗನ ಸಮೀಕರಣವನ್ನು ಬಿಡಿಸುವ ಕ್ರಮ ಎಲ್ಲರಿಗೂ ಗೊತ್ತು: ಮ = 12, ತಂದೆಗೆ 36. ತಾಳೆ ನೋಡುವಾಗ ಮಾತ್ರ ನಿಮ್ಮ ಸಮೀಕರಣಕ್ಕಲ್ಲ, ಪ್ರಶ್ನೆಯ ವಾಕ್ಯಕ್ಕೇ ಮರಳಿ. ಸಮೀಕರಣವೇ ತಪ್ಪಿದ್ದರೆ ಅದು ತಪ್ಪುತ್ತರವನ್ನೂ ಒಪ್ಪುತ್ತದೆ. 12 ವರ್ಷಗಳ ನಂತರ 48 ಮತ್ತು 24, ಎರಡು ಪಟ್ಟು ಸರಿ.