ಕಾರಿನ ಎಚ್ಚರಿಕೆ ದೀಪಗಳನ್ನು ಓದುವುದು ಹೇಗೆ?



ನಮ್ಮೂರಲ್ಲಿ ಈಗ ಚಿಕ್ಕ ಕಾರುಗಳು ಹೆಚ್ಚಾಗಿವೆ. ಆಸ್ಪತ್ರೆಗೂ ಅವೇ, ಮದುವೆಗೂ ಅವೇ. ಆದರೆ ಮೀಟರ್ ಬೋರ್ಡಿನಲ್ಲಿ ಎರಡು ಮೂರು ದೀಪ ಒಟ್ಟಿಗೆ ಹತ್ತಿದರೆ ಮಾಲೀಕರ ಎದೆ ಧಸಕ್ ಅನ್ನುತ್ತದೆ. ‘ಏನೇನು ಹೋಯ್ತೋ, ಎಷ್ಟು ಸಾವಿರ ಆಗ್ತದೋ’ ಅಂತ ಚಿಂತೆ. ದೀಪ ಹಲವು ಹತ್ತಿದರೂ ದೋಷ ಒಂದೇ ಇರಬಹುದು. ಅದನ್ನು ಕ್ರಮವಾಗಿ ಹುಡುಕುವುದು ಹೇಗೆಂದು ರಜೆಯಲ್ಲಿ ನಮ್ಮ ಸೋದರಮಾವನ ಗ್ಯಾರೇಜಿನಲ್ಲಿ ಕಲಿತೆ. ಅದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಬಣ್ಣ ನೋಡಿ

ಕೀಲಿ ತಿರುಗಿಸಿದ ಕೂಡಲೇ ಅನೇಕ ದೀಪಗಳು ಹತ್ತುತ್ತವೆ. ಹೆದರಬೇಡಿ, ಅದು ಕಾರು ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುವುದು. ಎಂಜಿನ್ ಶುರುವಾದ ಮೇಲೆ ಅವು ಆರಬೇಕು. ಆರದೆ ಉಳಿದ ದೀಪವೇ ನಮಗೆ ಸುದ್ದಿ.

ಕೆಂಪು ಎಂದರೆ ಅಪಾಯ. ಆಯಿಲ್ ದೀಪ, ಎಂಜಿನ್ ಬಿಸಿಯಾದ ದೀಪ, ಬ್ರೇಕ್ ದೀಪ ಕೆಂಪಗೆ ಹತ್ತಿದರೆ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಬೇಕು. (ಹ್ಯಾಂಡ್ ಬ್ರೇಕ್ ಎಳೆದಿದ್ದರೂ ಬ್ರೇಕ್ ದೀಪ ಹತ್ತುತ್ತದೆ, ಅದನ್ನು ಮೊದಲು ನೋಡಿ.) ಹಳದಿ ಎಂದರೆ ಬೇಗ ತೋರಿಸಿ ಎಂದು ಅರ್ಥ. ಹಳದಿ ಎಂಜಿನ್ ದೀಪ ಮಿಣುಕುತ್ತಾ ಇದ್ದರೆ ಮಾತ್ರ ತಡ ಮಾಡಬಾರದು. ಹಸಿರು, ನೀಲಿ ಬರಿಯ ತಿಳುವಳಿಕೆಗೆ.

ಕಾರಿನೊಳಗೊಂದು ತರಗತಿ

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಾಗ ಅದರಲ್ಲಿ ಕಾರ್ಬೊರೇಟರ್ ಇತ್ತು, ಕಂಪ್ಯೂಟರ್ ಇರಲಿಲ್ಲ. ಅದೇ 1983ರಲ್ಲಿ ಜರ್ಮನಿಯ ಬಾಷ್ ಕಂಪನಿಯಲ್ಲಿ ‘ಕಂಟ್ರೋಲರ್ ಏರಿಯಾ ನೆಟ್‌ವರ್ಕ್’ ಎಂಬ ಪದ್ಧತಿಯ ಕೆಲಸ ಶುರುವಾಯಿತು. ಚಿಕ್ಕದಾಗಿ ಅದನ್ನು ‘ಕ್ಯಾನ್’ ಅನ್ನುತ್ತಾರೆ. 1986ರಲ್ಲಿ ಅದನ್ನು ಲೋಕಕ್ಕೆ ತೋರಿಸಿದರು. ಬೆಂಗಳೂರಿನ ಜನ ‘ಮೈಕೋ’ ಅಂತ ಕರೆಯುತ್ತಿದ್ದ ಕಂಪನಿ ಇದೇ ಬಾಷ್ ಬಳಗದ್ದು.

ಈಗಿನ ಕಾರಿನಲ್ಲಿ ಎಂಜಿನ್ನಿಗೆ, ಬ್ರೇಕಿನ ಎಬಿಎಸ್‌ಗೆ, ಸ್ಟೀರಿಂಗಿಗೆ, ಮೀಟರಿಗೆ ಬೇರೆ ಬೇರೆ ಪುಟ್ಟ ಕಂಪ್ಯೂಟರ್ ಪೆಟ್ಟಿಗೆಗಳಿವೆ. ಇವೆಲ್ಲ ಒಂದಕ್ಕೊಂದು ಹೆಣೆದ ಎರಡೇ ತಂತಿಯಲ್ಲಿ ಮಾತಾಡುತ್ತವೆ. ನಮ್ಮ ತರಗತಿಯ ಹಾಗೆಯೇ ಅಲ್ಲಿಯೂ ಒಬ್ಬರು ಮಾತಾಡುವಾಗ ಉಳಿದವರು ಕೇಳಬೇಕು. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ, ಯಾರ ಸಂದೇಶದ ಸಂಖ್ಯೆ ಚಿಕ್ಕದೋ ಅದಕ್ಕೇ ಮೊದಲ ಅವಕಾಶ.

ಕೋಡ್ ಏನು ಹೇಳುತ್ತದೆ?

ಸ್ಟೀರಿಂಗ್ ಕೆಳಗೆ 16 ಪಿನ್ನಿನ ಒಂದು ಸಾಕೆಟ್ ಇರುತ್ತದೆ. ಅಲ್ಲಿಗೆ ಸ್ಕ್ಯಾನರ್ ಸಿಕ್ಕಿಸಿದರೆ ದೋಷದ ಕೋಡ್ ಬರುತ್ತದೆ. ‘ಪಿ’ ಎಂದು ಶುರುವಾದರೆ ಎಂಜಿನ್ ಮತ್ತು ಗೇರಿನದು, ‘ಸಿ’ ಬ್ರೇಕು-ಸ್ಟೀರಿಂಗಿನದು, ‘ಬಿ’ ಬಾಡಿಯದು, ‘ಯು’ ಮಾತುಕತೆಯದು. ‘ಯು 0121’ ಎಂದರೆ ‘ಎಬಿಎಸ್ ಪೆಟ್ಟಿಗೆಯ ಮಾತು ಕೇಳಿಸುತ್ತಿಲ್ಲ’ ಎಂದು ಅರ್ಥ. ಎಬಿಎಸ್ ಪೆಟ್ಟಿಗೆ ಕೆಟ್ಟಿದೆ ಎಂದು ಅದು ಹೇಳುವುದಿಲ್ಲ. ಬಹಳ ಜನ ಹಣ ಕಳೆದುಕೊಳ್ಳುವುದು ಇಲ್ಲೇ.

ಒಂದು ಉದಾಹರಣೆ

ಕಳೆದ ಮಳೆಗಾಲದಲ್ಲಿ ಒಬ್ಬ ರೈತರು ತಮ್ಮ ಚಿಕ್ಕ ಕಾರು ತಂದರು. ವಾರಕ್ಕೆ ಎರಡು ಸಲ ತಾಯಿಯನ್ನು ಡಯಾಲಿಸಿಸ್‌ಗೆ ಕರಕೊಂಡು ಹೋಗೋದು ಅದರಲ್ಲೇ. ಎಬಿಎಸ್ ದೀಪ, ಸ್ಟೀರಿಂಗ್ ದೀಪ ಎರಡೂ ಹತ್ತಿದ್ದವು. ವೇಗದ ಮುಳ್ಳು ಸೊನ್ನೆ ಬಿಟ್ಟು ಏಳುತ್ತಿರಲಿಲ್ಲ. ಬೇರೆ ಕಡೆ ‘ಎಬಿಎಸ್ ಪೆಟ್ಟಿಗೆ ಹೊಸದೇ ಹಾಕಬೇಕು’ ಅಂದಿದ್ದರಂತೆ. ಅದಕ್ಕಾಗಿ ಎಮ್ಮೆ ಮಾರುವ ಮಾತಾಗಿತ್ತು.

ಮಾವ ಸ್ಕ್ಯಾನರ್ ಹಾಕಿದರು. ಎಂಜಿನ್ನೂ ಸ್ಟೀರಿಂಗೂ ಒಂದೇ ದೂರು ಕೊಟ್ಟವು: ಯು 0121. ಎಬಿಎಸ್ ಮಾತ್ರ ಉತ್ತರವನ್ನೇ ಕೊಡಲಿಲ್ಲ. ಆ ಕಾರಿನಲ್ಲಿ ಚಕ್ರದ ವೇಗವನ್ನು ಎಲ್ಲರಿಗೂ ಹೇಳುವುದು ಎಬಿಎಸ್ಸೇ. ಅದು ಸುಮ್ಮನಾದ್ದರಿಂದ ಸ್ಟೀರಿಂಗ್ ದೀಪವೂ ಹತ್ತಿತು, ಮುಳ್ಳೂ ಬಿತ್ತು.

“ಹಾಗಾದ್ರೆ ಅವರು ಹೇಳಿದ್ದೇ ಸರಿ ಅಲ್ವೇನಣ್ಣ?” ಅಂದರು ಆ ರೈತರು.

“ತಡೀರಿ ಯಜಮಾನ್ರೇ. ಹಾಜರಿ ಕೂಗ್ದಾಗ ಹುಡುಗ ಬಾಯಿ ಬಿಡ್ಲಿಲ್ಲ ಅಂದ್ರೆ ಪ್ರಾಣ ಹೋಯ್ತು ಅಂತಲ್ಲ. ಹೊಟ್ಟೆಗೆ ಅನ್ನ ಬಿದ್ದದೋ ಇಲ್ವೋ ಮೊದ್ಲು ನೋಡಾಣ” ಅಂದರು ಮಾವ.

ಬ್ಯಾಟರಿ ಸರಿಯಿತ್ತು, 12.4 ವೋಲ್ಟ್. ಫ್ಯೂಸ್ ಕೂಡ ಸರಿ. ಎಬಿಎಸ್‌ನ ಸಾಕೆಟ್ ಬಿಚ್ಚಿ, ವಿದ್ಯುತ್ ಬರುವ ಪಿನ್ನಿಗೂ ಅರ್ಥ್ ಪಿನ್ನಿಗೂ ನಡುವೆ 21 ವ್ಯಾಟಿನ ಬಲ್ಬು ಹಿಡಿದರು. ಬಲ್ಬು ಮಂಕಾಗಿ ಉರಿಯಿತು. ಅರ್ಥ್ ಪಿನ್ನು ಬಿಟ್ಟು ಆ ತಂತಿಯನ್ನು ನೇರ ಬ್ಯಾಟರಿಯ ಮೈನಸ್ಸಿಗೆ ಮುಟ್ಟಿಸಿದಾಗ ಬಲ್ಬು ಝಗ್ ಅಂತ ಉರಿಯಿತು. ಅಂದರೆ ವಿದ್ಯುತ್ ಬರುವ ದಾರಿ ಸರಿ, ವಾಪಸ್ ಹೋಗುವ ದಾರಿಯಲ್ಲಿ ತಡೆ. ಮಂಕು ಬಲ್ಬು ಉರಿಯುವಾಗ ಅರ್ಥ್ ಪಿನ್ನಿಗೂ ಬ್ಯಾಟರಿ ಮೈನಸ್ಸಿಗೂ ನಡುವೆ ಮೀಟರ್ 4.4 ವೋಲ್ಟ್ ತೋರಿಸಿತು. ಅದು 0.2ರ ಒಳಗಿರಬೇಕು.

ತಂತಿ ಹಿಡಿದು ಹೋದರೆ, ಬ್ಯಾಟರಿ ತಟ್ಟೆಯ ಕೆಳಗೆ ಅರ್ಥ್ ಬೋಲ್ಟ್ ಕಿಲುಬು ಹಿಡಿದು ಕೂತಿತ್ತು. ಉಪ್ಪು ಕಾಗದದಿಂದ ಉಜ್ಜಿ, ಬಿಗಿ ಮಾಡಿ, ಮೇಲೆ ಗ್ರೀಸ್ ಸವರಿದರು. ಕೋಡ್ ಅಳಿಸಿ ಸ್ವಲ್ಪ ದೂರ ಓಡಿಸಿದ ಮೇಲೆ ಎರಡೂ ದೀಪ ಆರಿದವು, ಮುಳ್ಳೂ ಎದ್ದಿತು. ಮಾವ ಬರೀ ಮಜೂರಿ ತಗೊಂಡರು. ಎಮ್ಮೆ ಕೊಟ್ಟಿಗೆಯಲ್ಲೇ ಉಳಿಯಿತು.

ಮಾತಿನ ತಂತಿಯ ಪರೀಕ್ಷೆ

ವಿದ್ಯುತ್ತೂ ಅರ್ಥೂ ಸರಿಯಿದ್ದರೆ ಆಮೇಲೆ ಕ್ಯಾನ್ ತಂತಿ ನೋಡಬೇಕು. ನಾವು ಓದಿದ ಸಮಾಂತರ ಜೋಡಣೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಆ ಜೋಡಿ ತಂತಿಯ ಎರಡು ತುದಿಗಳಲ್ಲಿ 120 ಓಮ್‌ನ ಒಂದೊಂದು ರೋಧಕ ಇರುತ್ತದೆ. ಸೂತ್ರ ಹಾಕಿ:

1/R = 1/120 + 1/120 = 2/120
R = 60 ಓಮ್

ಕೀಲಿ ತೆಗೆದು, ಬ್ಯಾಟರಿಯ ಮೈನಸ್ ಬಿಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಸ್ಕ್ಯಾನರ್ ಸಾಕೆಟ್ಟಿನ 6 ಮತ್ತು 14ನೇ ಪಿನ್ ನಡುವೆ ಅಳೆದರೆ ಸುಮಾರು 60 ಓಮ್ ಬರಬೇಕು. ಸೊನ್ನೆಯ ಹತ್ತಿರ ಬಂದರೆ ಎರಡು ತಂತಿ ಒಂದಕ್ಕೊಂದು ತಾಗಿವೆ. ಇಲಿ ಕಡಿದ ತಂತಿಯಲ್ಲಿ ಹೀಗೂ ಆಗುತ್ತದೆ. ಕೆಲವು ಹೊಸ ಕಾರುಗಳಲ್ಲಿ ನಡುವೆ ‘ಗೇಟ್‌ವೇ’ ಎಂಬ ಪೆಟ್ಟಿಗೆ ಇರುವುದರಿಂದ ಅಲ್ಲಿ ಈ ಲೆಕ್ಕ ಹೊಂದದೆ ಇರಬಹುದು.

ಎಚ್ಚರಿಕೆ!

1. ಹಳದಿ ಬಣ್ಣದ ಏರ್‌ಬ್ಯಾಗ್ ಸಾಕೆಟ್ಟಿಗೆ ಬಲ್ಬು, ಮೀಟರ್ ಏನನ್ನೂ ಹಿಡಿಯಬಾರದು. ಏರ್‌ಬ್ಯಾಗ್ ಸಿಡಿಯಬಹುದು.
2. ಕ್ಯಾನ್ ತಂತಿಗೆ ಬಲ್ಬು ಹಿಡಿಯಬಾರದು, ಮೀಟರ್ ಮಾತ್ರ.
3. ಎಬಿಎಸ್ ದೀಪ ಒಂದೇ ಹತ್ತಿದ್ದರೆ ಸಾಮಾನ್ಯ ಬ್ರೇಕ್ ಇರುತ್ತದೆ, ಆದರೆ ಜೋರಾಗಿ ಒತ್ತಿದರೆ ಚಕ್ರ ಜಾರಬಹುದು. ಅದರ ಜೊತೆ ಕೆಂಪು ಬ್ರೇಕ್ ದೀಪವೂ ಹತ್ತಿದರೆ ಗಾಡಿ ಓಡಿಸಬೇಡಿ.
4. ಇವನ್ನೆಲ್ಲ ದೊಡ್ಡವರ ಜೊತೆಗಿದ್ದೇ ಮಾಡಬೇಕು.

ನೆನಪಿಡಬೇಕಾದ ಕ್ರಮ ಇಷ್ಟೇ: ಮೊದಲು ಬ್ಯಾಟರಿ, ಆಮೇಲೆ ಫ್ಯೂಸ್, ಆಮೇಲೆ ಅರ್ಥ್, ಆಮೇಲೆ ತಂತಿ. ಹೊಸ ಸಾಮಾನು ಕಟ್ಟಕಡೆಗೆ. ನಿಮ್ಮ ಮನೆಯಲ್ಲಿ ಯಾರಾದರೂ ‘ಪೆಟ್ಟಿಗೆ ಬದಲಾಯಿಸಬೇಕಂತೆ’ ಅಂದರೆ, ‘ಅರ್ಥ್ ನೋಡಿದ್ರಾ?’ ಅಂತ ಒಂದು ಮಾತು ಕೇಳಿ.

ಉತ್ತರಿಸಿ

1. 6 ಮತ್ತು 14ನೇ ಪಿನ್ ನಡುವೆ 60ರ ಬದಲು 120 ಓಮ್ ಬಂದರೆ ಏನಾಗಿರಬಹುದು?
2. ಮೇಲಿನ ಉದಾಹರಣೆಯಲ್ಲಿ ಮಂಕಾಗಿ ಉರಿದ ಬಲ್ಬಿಗೆ ಹೆಚ್ಚೆಂದರೆ ಎಷ್ಟು ವೋಲ್ಟ್ ಸಿಗುತ್ತಿತ್ತು?

ಸರಿಯುತ್ತರ ಮುಂದಿನ ಸಂಚಿಕೆಯಲ್ಲಿ.