ಮಾಸಿದ ಕತ್ತಿಹಿಡಿಗೆ ಮರಳಿ ಬಣ್ಣ

ವಿದ್ಯಾರ್ಥಿಗಳೇ, ಕತ್ತಿಯ ಅಲಗು ಮೊಂಡಾದರೆ ನಾವು ಮಸೆಯುತ್ತೇವೆ. ಹಿಡಿ ಮಾಸಿದರೆ ಮಾತ್ರ ‘ಹಳತಾಯಿತು’ ಎಂದು ಮೂಲೆಗೆ ಎಸೆಯುತ್ತೇವೆ. ಶಾಲಾ ತೋಟದ ಕತ್ತಿಗಳಿಗೂ ಅದೇ ಗತಿ ಬಂದಿತ್ತು. ಅವುಗಳನ್ನು ಸರಿಪಡಿಸುತ್ತ ನಾವು ಕಲಿತ ಪಾಠವಿದು.

ಮರದ ಹಿಡಿ ಬೂದುಬಣ್ಣಕ್ಕೆ ತಿರುಗುವುದೇಕೆ? ಮರದ ನಾರುಗಳನ್ನು ಬಂಧಿಸಿಡುವ ವಸ್ತುವಿಗೆ ಲಿಗ್ನಿನ್ ಎಂದು ಹೆಸರು. ಬಿಸಿಲು ಅದನ್ನು ಒಡೆಯುತ್ತದೆ, ಮಳೆ ತೊಳೆದೊಯ್ಯುತ್ತದೆ. ಆದರೆ ಈ ಹಾನಿ ತೆಳುವಾದ ಮೇಲ್ಪದರಕ್ಕೆ ಮಾತ್ರ. ಒಳಗಿನ ಬಣ್ಣ ಹಾಗೆಯೇ ಇರುತ್ತದೆ.

ಮಾಡುವ ಕ್ರಮ:

1. ಅಲಗಿಗೆ ದಪ್ಪ ಬಟ್ಟೆ ಸುತ್ತಿ ಬಿಗಿಯಾಗಿ ಕಟ್ಟಬೇಕು.

2. ಹಿಡಿಯನ್ನು ಸಾಬೂನು ನೀರಿನಲ್ಲಿ ಒರೆಸಿ ನೆರಳಿನಲ್ಲಿ ಒಣಗಿಸಬೇಕು. ನೆನೆಹಾಕಬಾರದು.

3. ಮರದ ಎಳೆಯುದ್ದಕ್ಕೆ, ಮೊದಲು 120, ಬಳಿಕ 220ನೆಯ ಸಂಖ್ಯೆಯ ಉಪ್ಪುಕಾಗದದಿಂದ ಉಜ್ಜಬೇಕು.

4. ಅಗಸೆ ಎಣ್ಣೆಯನ್ನು ತೆಳುವಾಗಿ ಸವರಿ, ಕಾಲು ಗಂಟೆಯ ಬಳಿಕ ಹೆಚ್ಚಿನದನ್ನು ಒರೆಸಬೇಕು. ಪೂರ್ತಿ ಒಣಗಿದ ಮೇಲೆ ಮತ್ತೊಮ್ಮೆ ಸವರಬಹುದು.

ಕಬ್ಬಿಣ ತಾಗುವಲ್ಲಿ ಮೂಡುವ ಕಪ್ಪು ಕಲೆ ಮರದ ಒಗರು ಮತ್ತು ಕಬ್ಬಿಣ ಸೇರಿ ಆದುದು. ಹಿಂದಿನವರು ಅಣಲೆಕಾಯಿಯಿಂದ ಶಾಯಿ ಮಾಡುತ್ತಿದ್ದುದೂ ಇದೇ ತತ್ತ್ವದಿಂದ. ಬಿಂಬುಳಿಯ ರಸದಲ್ಲಿ ಆಕ್ಸಾಲಿಕ್ ಆಮ್ಲವಿರುವುದರಿಂದ ಅದನ್ನು ಉಜ್ಜಿದರೆ ಕಲೆ ತಿಳಿಯಾಗುತ್ತದೆ. ಕೂಡಲೇ ತೊಳೆದು ಒರೆಸಬೇಕು. ಇಲ್ಲವಾದರೆ ಅಲಗಿಗೆ ಕೇಡು.

ಕೊಂಬಿನ ಹಿಡಿ ನಮ್ಮ ಉಗುರಿನಂತೆ ಕೆರಾಟಿನ್‌ನಿಂದಾದುದು. ಒಣಗಿ ಬಿಳಿಚಿಕೊಂಡಾಗ ಮೆಲ್ಲಗೆ ಉಜ್ಜಿ ಎಣ್ಣೆ ಸವರಿದರೆ ಕಪ್ಪು ಮರಳುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಬೆರೆಸಿದ ಬಣ್ಣವೇ ಬಿಸಿಲಿಗೆ ಕೆಟ್ಟಿದ್ದರೆ ಎಣ್ಣೆಯಿಂದ ಬರುವುದು ನಾಲ್ಕು ದಿನದ ಹೊಳಪು ಮಾತ್ರ.

ನಮ್ಮ ತಪ್ಪೊಂದನ್ನೂ ಹೇಳಬೇಕು. ಮೊದಲು ನಾವು ಕೈಗೆ ಸುಲಭವಾಗಿ ಸಿಕ್ಕಿದ ತೆಂಗಿನೆಣ್ಣೆಯನ್ನೇ ಹಚ್ಚಿದೆವು. ಬಣ್ಣವೇನೋ ಬಂತು. ಆದರೆ ಮರುದಿನ ಸೊಪ್ಪು ಕಡಿಯುವಾಗ ಕತ್ತಿ ಕೈಯಿಂದ ಜಾರಿ ಕಾಲಬಳಿ ಬಿತ್ತು. ಪುಣ್ಯಕ್ಕೆ ಗಾಯವಾಗಲಿಲ್ಲ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ. ತೆಂಗಿನೆಣ್ಣೆ ಹಾಗೆ ಒಣಗದೆ ಜಿಡ್ಡಾಗಿಯೇ ಉಳಿಯುತ್ತದೆ.

ಎಚ್ಚರಿಕೆ: ಅಗಸೆ ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಇಟ್ಟರೆ ತಾನಾಗಿಯೇ ಬೆಂಕಿ ಹೊತ್ತಿಕೊಳ್ಳಬಹುದು. ಅದನ್ನು ನೀರಿನಲ್ಲಿ ನೆನೆಸಿ, ಹೊರಗೆ ಬಿಡಿಸಿ ಹರವಬೇಕು.

ಹಿಡಿಯ ಅಂದಕ್ಕಿಂತ ಅದನ್ನು ಹಿಡಿಯುವ ಕೈಯ ಕ್ಷೇಮ ದೊಡ್ಡದು. ಹಿಡಿ ಯಾವುದರಿಂದಾದುದೆಂದು ಮೊದಲು ತಿಳಿಯೋಣ. ಎಣ್ಣೆಯ ಬಾಟಲಿಗೆ ಕೈಹಾಕುವುದು ಆಮೇಲೆ.