ಪಾನಾ ಹಿಡಿಯುವ ಮೊದಲು ಪೆನ್ಸಿಲ್ ಹಿಡಿ

ಮೊನ್ನೆ ನೀನು ಕಮಲಾಪುರದ ಬಸ್ಸಿಳಿದು ನೆಟ್ಟಗೆ ಕಲಬುರಗಿಯ ಖೂಬಾ ಪ್ಲಾಟಿನ ನನ್ನ ಮನೆಗೆ ಬಂದಿ. ಕೈಯಲ್ಲಿ ನಿಮ್ಮೂರ ಕೆಂಪು ಬಾಳೆಹಣ್ಣು, ಬಗಲಲ್ಲಿ ಬಣ್ಣಬಣ್ಣದ ಪುಸ್ತಕ. ಹಣ್ಣು ನನ್ನ ಬಾಯಿಗೆ, ಪುಸ್ತಕದೊಳಗಿನ ಸಾಲದ ಅರ್ಜಿ ನನ್ನ ಜಾಮೀನು ಸಹಿಗೆ. ‘ಮುತ್ಯಾ, ಕಾರ್ ಮೆಕ್ಯಾನಿಕ್ ಕೋರ್ಸು, ಪುಣೆದಾಗ. ನೌಕರಿ ಅವರೇ ಕೊಡಸ್ತಾರಂತ. ಬರೇ ಎರಡು ಲಕ್ಷ’ ಅಂದಿ. ಆ ‘ಬರೇ’ ಕೇಳಿ ಬಾಳೆಹಣ್ಣು ಗಂಟಲಲ್ಲೇ ನಿಂತಿತು ನೋಡು.

ನಿನ್ನ ಕೈ ಚಲೋ ಇದೆ, ಅದರಲ್ಲಿ ನನಗೆ ಅನುಮಾನವಿಲ್ಲ. ಹತ್ತು ವರ್ಷದವನಿದ್ದಾಗ ನನ್ನ ಹಳೇ ಲೂನಾ ಬಿಚ್ಚಿ ಹೊಳ್ಳಿ ಜೋಡಿಸಿದವನು ನೀನು. ಗಾಡಿ ಓಡಿತು. ಒಂದು ನಟ್ ಮಾತ್ರ ಉಳಿಯಿತು. ‘ಅದು ಬೇಕಾಗಿರಲಿಲ್ಲ ಬಿಡು’ ಅಂದಿ. ನಿನ್ನ ಲೆಕ್ಕವೂ ಹಾಗೇ. ಗಾಡಿ ಓಡುತ್ತದೆ, ನಟ್ ನೆಲದ ಮೇಲಿರುತ್ತದೆ.

ಪೆನ್ಸಿಲ್ ತಗೋ. ಎರಡು ಲಕ್ಷ ಸಾಲ, ವರ್ಷಕ್ಕೆ 12 ಬಡ್ಡಿ, ಮೂರು ವರ್ಷದ ಕಂತು. ಇಳಿಯುವ ಅಸಲಿನ ಮೇಲೆ ಬಡ್ಡಿ ಹಾಕಿದರೆ ತಿಂಗಳಿಗೆ 6,643 ರೂಪಾಯಿ. ಒಟ್ಟು ಬಡ್ಡಿ 39,000ದ ಮೇಲೆ. ಅದೇ 12ನ್ನು ಫ್ಲ್ಯಾಟ್ ಬಡ್ಡಿ ಎಂದು ಹಾಕಿದರೆ ಕಂತು 7,556, ಒಟ್ಟು ಬಡ್ಡಿ 72,000. ಎರಡೂ ಕಡೆ ಅದೇ ಹನ್ನೆರಡು! ಇನ್ನು ಕೈಸಾಲ ಕೊಡುವ ಧಣಿಯ ‘ನೂರಕ್ಕೆ ಮೂರು’ ಅಂದರೆ ತಿಂಗಳ ಮಾತು, ವರ್ಷಕ್ಕೆ 36. ಅಸಲಿಗೆ ಕೈ ಹಚ್ಚದೆಯೇ ತಿಂಗಳಿಗೆ 6,000 ಹೋಗುತ್ತದೆ. ನಿಮ್ಮಪ್ಪನ ತೊಗರಿ ಹೊಲ ಅವನ ಟ್ರಂಕಿನೊಳಗೆ ಹೋದರೆ ಹೊರಗೆ ಬರುವುದು ಕಷ್ಟ.

ಈಗ ಮೊದಲ ಸಂಬಳ 12,000 ಅಂತ ಹಿಡಿ. ರೂಮು, ಊಟ, ಬಸ್ಸು ಎಷ್ಟೇ ಬಿಗಿ ಹಿಡಿದರೂ 6,500. ಕಂತು 6,643. ಕಳೆದು ನೋಡು. ತಿಂಗಳ ಕೊನೆಗೆ ನೀನೇ ಯಾರಿಂದಲೋ 1,143 ರೂಪಾಯಿ ಸಾಲ ತರಬೇಕು. ಜ್ವರ ಬರಬಾರದು, ಚಪ್ಪಲಿ ಹರಿಯಬಾರದು, ಶರಣಬಸಪ್ಪನ ಜಾತ್ರೆಗೆ ಊರಿಗೆ ಬರಬಾರದು.

‘ಸರ್ಕಾರವೇ ಕೌಶಲ ಸಾಲ ಕೊಡಸ್ತದ, ಅಡವಿಡುವುದು ಬೇಕಿಲ್ಲ’ ಅಂತ ನನಗೇ ಪಾಠ ಹೇಳಿದಿ. ನಿಜ. 2024ರಲ್ಲಿ ಆ ಸಾಲದ ಮಿತಿಯನ್ನು 1.5 ಲಕ್ಷದಿಂದ 7.5 ಲಕ್ಷಕ್ಕೆ ಏರಿಸಿದ್ದಾರೆ. ಏರಿದ್ದು ಮಿತಿ ಕಣಪ್ಪಾ, ಮೆಕ್ಯಾನಿಕ್‌ನ ಮೊದಲ ಸಂಬಳವಲ್ಲ.

ನಮ್ಮ ಓಣಿಯ ಒಬ್ಬ ಹುಡುಗ ಹೀಗೇ ದೂರದ ಊರಿಗೆ ಹೋಗಿ ಕಲಿತು ಬಂದ. ಜಾಣ. ನೌಕರಿಯೂ ಸಿಕ್ಕಿತು, ಸುಳ್ಳಲ್ಲ. ಇಂಜಿನ್ ಇಳಿಸಿ ಬೋರ್ ಮಾಡುವುದರಿಂದ ಹಿಡಿದು ವೈರಿಂಗ್‌ವರೆಗೆ ಪ್ರೀತಿಯಿಂದ ಕಲಿಸುವ ಉಸ್ತಾದನೂ ಸಿಕ್ಕಿದ. ಆದರೆ ಉಸ್ತಾದನ ಹತ್ತಿರ ಸಂಬಳ ಕಡಿಮೆ, ಐದನೇ ತಾರೀಖಿನ ಕಂತು ತಪ್ಪದು. ಐನೂರು ಹೆಚ್ಚು ಕೊಡುತ್ತಾರೆಂದು ಇನ್ನೊಂದು ಕಡೆಗೆ ಹಾರಿದ. ಅಲ್ಲಿ ಮೂರು ವರ್ಷ ಆಯಿಲ್ ಬದಲಿಸಿದ, ಗಾಡಿ ತೊಳೆದ. ಸಾಲ ತೀರಿತು, ವಿದ್ಯೆ ಅಲ್ಲೇ ನಿಂತಿತು. ನನ್ನನ್ನು ಕಾಡುವುದು ಇದೇ. ಈ ಕಸುಬಿನಲ್ಲಿ ಮೊದಲ ಎರಡು-ಮೂರು ವರ್ಷ ಕಡಿಮೆ ದುಡ್ಡಿಗೆ ಒಳ್ಳೆಯವನ ಕೈಕೆಳಗೆ ಕೂತವನೇ ಮುಂದೆ ಅಂಗಡಿ ಇಡುತ್ತಾನೆ. ಹೆಗಲ ಮೇಲೆ ಕಂತಿದ್ದವನಿಗೆ ಹಾಗೆ ಕೂಡುವ ಪುರುಸೊತ್ತೇ ಇರುವುದಿಲ್ಲ.

ಹಾಗಂತ ಕೋರ್ಸೇ ಬೇಡ ಅಂದೆನೇ? ಡಿಪೊದಲ್ಲಿ 28 ವರ್ಷ ಬಸ್ಸಿನ ಕೆಳಗೆ ಮಲಗಿದವನು ನಾನು. ಇಂಜಿನ್‌ಗೆ ಕಿವಿಗೊಟ್ಟರೆ ರೋಗ ಹೇಳುತ್ತಿದ್ದೆ. 2020ರ ಏಪ್ರಿಲ್‌ನಿಂದ ಬಿಎಸ್-6 ಹೊಗೆ ನಿಯಮ ಬಂತು, ಬಹುತೇಕ ಬೈಕುಗಳಲ್ಲೂ ಕಾರ್ಬೋರೇಟರ್ ಹೋಗಿ ಇಂಜೆಕ್ಷನ್ ಕೂತಿತು. ಸ್ಕ್ಯಾನರ್ ಹಿಡಿದ ಪೋರನ ಮುಂದೆ ನನ್ನ ಕಿವಿ ಪೆಚ್ಚಾಯಿತು. ಬರೀ ಕೈಕಸುಬು ಸಾಲದು. ಓದು, ಆದರೆ ಸೋವಿಯಲ್ಲಿ ಓದು.

ಸರ್ಕಾರಿ ಐಟಿಐ ಎಂದ ಕೂಡಲೇ ಮೂಗು ಮುರಿದಿ. ಮೋಟಾರ್ ವೆಹಿಕಲ್ ಮೆಕ್ಯಾನಿಕ್ ಎರಡು ವರ್ಷ, ಡೀಸೆಲ್ ಮೆಕ್ಯಾನಿಕ್ ಒಂದೇ ವರ್ಷ. ಫೀಸು ನಿನ್ನ ಜೇಬಿನ ಮೊಬೈಲಿನ ಬೆಲೆಗೂ ಬಾರದು. ರಾಜ್ಯದ 150 ಸರ್ಕಾರಿ ಐಟಿಐಗಳಿಗೆ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಹೊಸ ಯಂತ್ರ ಹಾಕಿಸಿದ್ದಾರೆ. ಹೋಗಿ ಕಣ್ಣಾರೆ ನೋಡು. ಯಂತ್ರದ ಮೇಲೆ ಗ್ರೀಸ್ ಇದೆಯೋ ಧೂಳಿದೆಯೋ, ಅಷ್ಟು ನೋಡಿದರೆ ಸಾಕು. ಆಮೇಲೆ ಅಪ್ರೆಂಟಿಸ್. 1961ರ ಕಾಯ್ದೆ ಅದು. ಕಲಿಯುವವನಿಗೆ ದುಡ್ಡು ಕೊಡಲೇಬೇಕು. 2019ರ ನಿಯಮದಲ್ಲೇ ಓದಿಗೆ ತಕ್ಕಂತೆ ಕನಿಷ್ಠ 5,000ದಿಂದ 9,000 ಅಂತ ಇಟ್ಟರು. ನಮ್ಮ ಕಲ್ಯಾಣ ಕರ್ನಾಟಕ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ ಇದೇ ಕಲಬುರಗಿಯಲ್ಲಿದೆ. ಅದರ ಡಿಪೊಗಳಿಗೆ ಐಟಿಐ ಹುಡುಗರನ್ನು ಅಪ್ರೆಂಟಿಸ್ ಆಗಿ ತಗೋತಾರೆ. ಒಂದು ಕಡೆ ನೀನು ಎರಡು ಲಕ್ಷ ಕೊಟ್ಟು ಕಲಿಯುತ್ತಿ, ಇನ್ನೊಂದು ಕಡೆ ಅವರೇ ಕೊಟ್ಟು ಕಲಿಸುತ್ತಾರೆ. ಐಟಿಐ ಗೋಡೆಗೆ ಏಸಿ ಇಲ್ಲ ಅನ್ನುವುದೊಂದು ಕೊರತೆ. ಮುಂದೆ ಗ್ಯಾರೇಜಿನಲ್ಲಿ, ಮೇ ತಿಂಗಳ ಕಲಬುರಗಿಯಲ್ಲಿ, ನಿನಗೆ ಏಸಿ ಯಾರು ಹಾಕುತ್ತಾರೆ?

ಸಾಲ ಮಾಡಲೇಬೇಡ ಅನ್ನುವಷ್ಟು ಜಿಪುಣ ನಾನಲ್ಲ. ಕೈ ಪಳಗಿದ ಮೇಲೆ ಸ್ವಂತ ಪಾನಾ ಸೆಟ್ಟು, ಜ್ಯಾಕು, ಸ್ಕ್ಯಾನರ್ ಬೇಕಾಗುತ್ತದೆ. ಮುದ್ರಾದ ಶಿಶು ಸಾಲ 50,000ದವರೆಗೆ ಸಿಗುತ್ತದೆ. ಮರುದಿನದಿಂದಲೇ ದುಡಿಯುವ ಸಾಮಾನಿಗೆ ಸಾಲ ಮಾಡು, ಅದಕ್ಕೆ ನಾನೇ ಬ್ಯಾಂಕಿಗೆ ಬರುತ್ತೇನೆ.

ನಿನ್ನ ಬಣ್ಣದ ಪುಸ್ತಕ ನನ್ನ ದಿಂಬಿನ ಕೆಳಗಿದೆ, ಹರಿದಿಲ್ಲ. ಅದರಲ್ಲಿ ನಗುತ್ತಿರುವ ಹುಡುಗರ ಫೋಟೊ ಇವೆಯಲ್ಲ, ಅಂಥ ಮೂವರನ್ನು ಹುಡುಕು, ಪಾಸಾಗಿ ಎರಡು ವರ್ಷವಾದವರನ್ನು. ಸಂಬಳ ಎಷ್ಟು ಅಂತ ಕೇಳಬೇಡ, ಜಂಬಕ್ಕೆ ಏರಿಸಿ ಹೇಳುತ್ತಾರೆ. ಹೋದ ತಿಂಗಳು ಮನೆಗೆ ಎಷ್ಟು ಕಳಿಸಿದಿ ಅಂತ ಕೇಳು. ಆ ಮೂರು ಅಂಕಿ ಬರೆದುಕೊಂಡು ಮುಂದಿನ ಭಾನುವಾರ ಬಾ, ನಿಮ್ಮಪ್ಪನನ್ನೂ ಕರಕೊಂಡು ಬಾ. ಅಲ್ಲಿಯವರೆಗೆ ನನ್ನ ಸಹಿ ಇಲ್ಲ.